ನಡುರಾತ್ರಿ ಬಾಗಿಲು ತಟ್ಟುವವರು ಯಾರು? ವಿಪತ್ತಿಗೆ ಊರನ್ನು ಸಜ್ಜುಗೊಳಿಸುವ ಸಮಗ್ರ ಮಾರ್ಗದರ್ಶಿ

1995ರ ಜನವರಿ 17ರಂದು ಬೆಳಕು ಹರಿಯುವ ಮುನ್ನ ಜಪಾನಿನ ಕೋಬೆ ನಗರ ನಡುಗಿತು. ಕುಸಿದ ಮನೆಗಳಡಿಯಿಂದ ಜೀವಂತವಾಗಿ ಹೊರಬಂದವರಲ್ಲಿ ಬಹುಪಾಲು ಜನರನ್ನು ಎಳೆದು ತೆಗೆದವರು ಸಮವಸ್ತ್ರ ತೊಟ್ಟವರಲ್ಲ. ಮನೆಯವರು ಮತ್ತು ಪಕ್ಕದ ಮನೆಯವರು. ರಕ್ಷಣಾ ತಂಡ ಎಷ್ಟೇ ಚುರುಕಾಗಿದ್ದರೂ ರಸ್ತೆಯ ಮೇಲೆಯೇ ಬರಬೇಕು, ಆ ರಸ್ತೆಯೇ ಮುಚ್ಚಿಹೋಗಿರುತ್ತದೆ. ಮೊದಲ ಕೆಲವು ಗಂಟೆ ಎಲ್ಲ ಊರುಗಳಲ್ಲೂ ನೆರೆಹೊರೆಯವರದೇ.

ಹಾಗಾಗಿ ಇಲ್ಲಿ ಹೇಳುವ ಎಲ್ಲ ಕೆಲಸಗಳಿಗೂ ಒಂದೇ ಪ್ರಶ್ನೆಯನ್ನು ಒರೆಗಲ್ಲಾಗಿ ಇಟ್ಟುಕೊಳ್ಳಿ: ನಡುರಾತ್ರಿ ಅಪಾಯ ಬಂದರೆ ನಿಮ್ಮ ಬೀದಿಯಲ್ಲಿ ಯಾರು ಯಾರ ಬಾಗಿಲು ತಟ್ಟುತ್ತಾರೆ? ಹೆಸರು ಹಿಡಿದು ಉತ್ತರ ಹೇಳಬಲ್ಲ ಊರಿನ ಅರ್ಧ ಕೆಲಸ ಮುಗಿದಿದೆ. ಹೇಳಲಾರದ ಊರಿನ ಕಪಾಟಿನಲ್ಲಿ ಎಷ್ಟು ಯೋಜನಾ ವರದಿಗಳಿದ್ದರೂ ನೆರೆ ಬಂದ ದಿನ ಅವೂ ನೆನೆಯುತ್ತವೆ, ಅಷ್ಟೇ.

ಹೆಜ್ಜೆ 1: ಯಾವ ಅಪಾಯ, ಯಾರಿಗೆ ಎಂದು ಬಿಡಿಸಿ ನೋಡಿ

ಮೊದಲ ಸಭೆಗೆ ದೊಡ್ಡ ಸಮಿತಿ ಬೇಡ. ಅಧ್ಯಕ್ಷ, ಉಪಾಧ್ಯಕ್ಷ ಎಂದು ಆರಂಭಿಸಿದರೆ ಆ ಸಂಜೆ ಅಲ್ಲಿಗೇ ಮುಗಿಯುತ್ತದೆ. ಪ್ರತಿ ಬೀದಿಯಿಂದ ಇಬ್ಬರು ಬಂದರೆ ಸಾಕು; ಅವರಲ್ಲಿ ಒಬ್ಬರು ಮಹಿಳೆಯಾಗಿರಲಿ.

ಪ್ರವಾಹ, ಗುಡ್ಡ ಕುಸಿತ, ಚಂಡಮಾರುತ, ಭೂಕಂಪ, ಸಿಡಿಲು, ಕಾಳ್ಗಿಚ್ಚು, ಬಿಸಿಗಾಳಿ, ಬರ ಇವುಗಳಲ್ಲಿ ನಿಮ್ಮ ನೆಲಕ್ಕೆ ಯಾವುದು ಬಂದಿತ್ತು, ಯಾವುದು ಬರಬಹುದು ಎಂದು ಬರೆಯಿರಿ. ಹಿರಿಯರನ್ನು ಕೇಳುವಾಗ ‘ದೊಡ್ಡ ನೆರೆ ಬಂದಿತ್ತೇ?’ ಎಂದು ಕೇಳಬೇಡಿ, ‘ನೀರು ಎಲ್ಲಿಯವರೆಗೆ ಬಂದಿತ್ತು, ತೋರಿಸಿ’ ಎಂದು ಕೇಳಿ. ಮೊದಲ ಪ್ರಶ್ನೆಗೆ ಕಥೆ ಸಿಗುತ್ತದೆ, ಎರಡನೆಯದಕ್ಕೆ ಅಳತೆ ಸಿಗುತ್ತದೆ.

ಅಪಾಯಕ್ಕೆ ಮೂರು ಮುಖಗಳಿವೆ: ಬರುವ ಪೆಟ್ಟು, ಅದರ ದಾರಿಯಲ್ಲಿ ಇರುವವರು, ಆ ಪೆಟ್ಟನ್ನು ತಾಳಲಾರದ ಸ್ಥಿತಿ. ಪೆಟ್ಟನ್ನು ತಡೆಯುವುದು ಹೆಚ್ಚಾಗಿ ನಮ್ಮ ಕೈಯಲ್ಲಿಲ್ಲ. ಉಳಿದೆರಡು ಇವೆ. 2010ರ ಜನವರಿಯಲ್ಲಿ ಹೈಟಿಯಲ್ಲಿ 7.0 ತೀವ್ರತೆಯ ಭೂಕಂಪವಾಗಿ ಲಕ್ಷಕ್ಕೂ ಹೆಚ್ಚು ಜನ ಸತ್ತರು. ಮರುತಿಂಗಳು ಚಿಲಿಯಲ್ಲಿ 8.8 ತೀವ್ರತೆಯದು ಬಂತು. ಅದು ಬಿಡುಗಡೆ ಮಾಡಿದ ಶಕ್ತಿ ಹೈಟಿಯದಕ್ಕಿಂತ ಸುಮಾರು 500 ಪಟ್ಟು ಹೆಚ್ಚು. ಅಲ್ಲಿ ಸತ್ತವರು ನೂರುಗಳ ಲೆಕ್ಕದಲ್ಲಿದ್ದರು. ಹೈಟಿಯಲ್ಲಿ ಭೂಕಂಪದ ಕೇಂದ್ರ ರಾಜಧಾನಿಗೆ ಬಹಳ ಹತ್ತಿರವಿತ್ತು ಎಂಬುದೂ ಲೆಕ್ಕಕ್ಕೆ ಬರುತ್ತದೆ, ನಿಜ. ಆದರೆ ದೊಡ್ಡ ವ್ಯತ್ಯಾಸವಿದ್ದದ್ದು ಗೋಡೆಗಳಲ್ಲಿ: ಚಿಲಿಯಲ್ಲಿ ದಶಕಗಳಿಂದ ಕಟ್ಟಡ ನಿಯಮಗಳಿದ್ದವು, ಅವು ಕಾಗದದಲ್ಲಷ್ಟೇ ಉಳಿದಿರಲಿಲ್ಲ.

ಹೆಜ್ಜೆ 2: ನಕ್ಷೆಯನ್ನು ನೆಲದ ಮೇಲೆ ಬರೆಯಿರಿ

ಮುದ್ರಿತ ನಕ್ಷೆಯನ್ನು ಗೋಡೆಗೆ ಅಂಟಿಸಿ ಒಬ್ಬರು ವಿವರಿಸುತ್ತಾ ಹೋದರೆ ಉಳಿದವರು ತಲೆಯಾಡಿಸಿ ಮನೆಗೆ ಹೋಗುತ್ತಾರೆ. ಅದರ ಬದಲು ಶಾಲೆಯ ಅಂಗಳದಲ್ಲಿ ಎಲ್ಲರೂ ಸುತ್ತ ನಿಂತು ಸೀಮೆಸುಣ್ಣದಿಂದ ಬರೆಯಿರಿ. ಮೊದಲು ಹೊಳೆ ಅಥವಾ ಗುಡ್ಡ, ಆಮೇಲೆ ರಸ್ತೆ, ಸೇತುವೆ, ಮೋರಿ, ಕೊನೆಗೆ ಮನೆಗಳು. ಮನೆಗೊಂದು ಕಲ್ಲು ಇಡಿ. ನಡೆಯಲಾಗದವರು ಇರುವ ಮನೆಯ ಕಲ್ಲಿನ ಮೇಲೆ ಒಂದು ಹಸಿರೆಲೆ.

ಕೆಲವೇ ನಿಮಿಷಗಳಲ್ಲಿ ವಾದ ಶುರುವಾಗುತ್ತದೆ. ನೀರು ಮೆಟ್ಟಿಲವರೆಗೆ ಬಂದಿತ್ತು ಎಂದು ಒಬ್ಬರು, ಕಿಟಕಿಯವರೆಗೆ ಎಂದು ಇನ್ನೊಬ್ಬರು. ಈ ವಾದವನ್ನು ನಿಲ್ಲಿಸಬೇಡಿ, ನಕ್ಷೆ ಬರೆಯುವುದೇ ಅದಕ್ಕಾಗಿ. ಇಬ್ಬರನ್ನೂ ಕರೆದುಕೊಂಡು ಆ ಗೋಡೆಯ ಬಳಿಗೆ ಹೋಗಿ ನೋಡಿ. ಬಣ್ಣದ ಕೆಳಗೆ ಹಳೆಯ ತೇವದ ಗೆರೆ ಕಾಣಿಸಬಹುದು. ಮಕ್ಕಳಿಗೆ ಬೇಲಿ ಸಂದಿನ ಒಳದಾರಿಗಳು ಗೊತ್ತಿರುತ್ತವೆ. ಅಂಚೆಯವರಿಗೆ ಮತ್ತು ಮೀಟರ್ ಓದುವವರಿಗೆ ಯಾವ ಗೇಟಿಗೆ ಸದಾ ಬೀಗ ಎಂಬುದು ಗೊತ್ತು. ಇವರೆಲ್ಲರೂ ಅಂಗಳದಲ್ಲಿರಬೇಕು.

ಮುಗಿದ ನಕ್ಷೆಯನ್ನು ದೊಡ್ಡ ಹಾಳೆಗೆ ಇಳಿಸಿಕೊಂಡು ಅದನ್ನು ಹಿಡಿದು ಊರು ಸುತ್ತಿ. ಹೊಟ್ಟೆ ಉಬ್ಬಿದ ತಡೆಗೋಡೆ, ಕಸ ಕಟ್ಟಿದ ಮೋರಿ, ಕೈಗೆಟಕುವಷ್ಟು ಜೋತುಬಿದ್ದ ವಿದ್ಯುತ್ ತಂತಿ, ಗುಡ್ಡದ ಬುಡ ಅಗೆದು ಎಬ್ಬಿಸಿದ ಹೊಸ ಶೆಡ್ಡು ಇವು ಕೂತಲ್ಲಿ ನೆನಪಾಗುವುದಿಲ್ಲ, ನಡೆದಾಗ ಕಣ್ಣಿಗೆ ಬೀಳುತ್ತವೆ.

ಹೆಜ್ಜೆ 3: ಬಾಗಿಲು ತಟ್ಟುವವರ ಪಟ್ಟಿ

ಹದಿನೈದು ಇಪ್ಪತ್ತು ಮನೆಗಳಿಗೊಂದು ನೋಟ್‌ಬುಕ್ ಸಾಕು. ಪ್ರತಿ ಮನೆಗೆ ಒಂದು ಪುಟ. ರಾತ್ರಿ ಅಲ್ಲಿ ನಿಜಕ್ಕೂ ಮಲಗುವವರೆಷ್ಟು ಎಂದು ಬರೆಯಿರಿ, ದಾಖಲೆಯಲ್ಲಿ ಇರುವವರೆಷ್ಟು ಎಂದಲ್ಲ. ನಡೆಯಲಾಗದವರು, ಕಿವಿ ಕೇಳದವರು, ಕಣ್ಣು ಕಾಣದವರು, ಗರ್ಭಿಣಿಯರು, ಹಸುಗೂಸುಗಳು, ಇನ್ಸುಲಿನ್ ಅಥವಾ ಆಮ್ಲಜನಕ ಬೇಕಾದವರು, ಡಯಾಲಿಸಿಸ್‌ಗೆ ಹೋಗುವವರು ಯಾರೆಂದು ಗುರುತಿಸಿ. ದನಕರುಗಳನ್ನೂ ಬರೆದುಕೊಳ್ಳಿ. ಅವನ್ನು ಬಿಟ್ಟು ಬರಲು ಒಪ್ಪದೆ ಮನೆಯಲ್ಲೇ ಉಳಿಯುವವರು ಎಲ್ಲ ಕಡೆಯೂ ಇರುತ್ತಾರೆ.

ಪಟ್ಟಿಯಿಂದ ತಪ್ಪಿಹೋಗುವವರು ಸಾಮಾನ್ಯವಾಗಿ ಇವರೇ: ಕಟ್ಟಡ ಕೆಲಸಕ್ಕೆ ಬಂದು ಶೆಡ್ಡಿನಲ್ಲಿ ಇರುವವರು, ಭಾಷೆ ಬಾರದ ಹೊಸ ಬಾಡಿಗೆದಾರರು, ಒಂಟಿಯಾಗಿ ಬದುಕುವ ವೃದ್ಧರು. ಇನ್ನು ಕೆಲವರು ಪಟ್ಟಿಯಲ್ಲಿದ್ದೂ ತಪ್ಪಿಹೋಗುತ್ತಾರೆ. 1991ರಲ್ಲಿ ಬಾಂಗ್ಲಾದೇಶದ ಕರಾವಳಿಗೆ ಬಡಿದ ಚಂಡಮಾರುತದಲ್ಲಿ ಪುರುಷರಿಗಿಂತ ಮಹಿಳೆಯರೇ ಬಹಳ ಹೆಚ್ಚಾಗಿ ಸತ್ತರು. ಮನೆ, ಮಕ್ಕಳನ್ನು ಬಿಟ್ಟು ಹೊರಡಲಾಗದೆ ಕಾದವರು, ಗಂಡಸರ ಜತೆಯಿಲ್ಲದೆ ಆಶ್ರಯ ತಾಣಕ್ಕೆ ಹೋಗಲು ಹಿಂಜರಿದವರು ಅವರಲ್ಲಿದ್ದರು. ಎಚ್ಚರಿಕೆ ಕಿವಿಗೆ ಬಿದ್ದರೂ ಕಾಲು ಹೊರಗಿಡಲಾಗದ ಕಾರಣಗಳಿರುತ್ತವೆ. ನಿಮ್ಮ ಊರಿನಲ್ಲಿ ಅವು ಯಾವುವು ಎಂದು ಮಹಿಳೆಯರನ್ನೇ, ಗಂಡಸರಿಲ್ಲದ ಹೊತ್ತಿನಲ್ಲಿ ಕೇಳಿ.

ಪಟ್ಟಿಯ ಇನ್ನೊಂದು ಬದಿಯಲ್ಲಿ ಊರಿನ ಬಲ ಇರಲಿ: ನರ್ಸ್, ಎಲೆಕ್ಟ್ರಿಷಿಯನ್, ವೆಲ್ಡರ್, ಈಜುಗಾರರು, ಟ್ರ್ಯಾಕ್ಟರ್, ದೋಣಿ, ಏಣಿ, ಮರ ಕೊಯ್ಯುವ ಯಂತ್ರ, ಜನರೇಟರ್ ಇರುವವರು.

ಈಗ ಮುಖ್ಯವಾದದ್ದು. ಪ್ರತಿ ಮನೆಗೂ ಬಾಗಿಲು ತಟ್ಟುವ ಇಬ್ಬರನ್ನು ಗೊತ್ತುಮಾಡಿ, ಒಬ್ಬರು ಊರಲ್ಲಿಲ್ಲದಿದ್ದರೆ ಇನ್ನೊಬ್ಬರು. ಹಾಸಿಗೆ ಹಿಡಿದವರಿರುವ ಮನೆಗೆ ನಾಲ್ವರು ಬೇಕು, ಏಕೆಂದರೆ ಒಬ್ಬರನ್ನು ಹೊತ್ತು ಬಹಳ ದೂರ ನಡೆಯುವುದು ಇಬ್ಬರಿಂದ ಆಗುವ ಕೆಲಸವಲ್ಲ. ಕಾಯಿಲೆಗಳ ವಿವರವನ್ನು ಮೊಬೈಲ್ ಗುಂಪುಗಳಿಗೆ ಹಾಕಬೇಡಿ. ಅದು ಕಾಗದದ ಮೇಲಿರಲಿ, ಇಬ್ಬರ ಬಳಿ ಮಾತ್ರ ಇರಲಿ. ಆರು ತಿಂಗಳಿಗೊಮ್ಮೆ ತಿದ್ದದ ಪಟ್ಟಿಯನ್ನು ನಂಬಬೇಡಿ.

ಹೆಜ್ಜೆ 4: ಎಚ್ಚರಿಕೆ ಹಾಸಿಗೆಯವರೆಗೆ ತಲುಪಬೇಕು

2027ರ ಹೊತ್ತಿಗೆ ಭೂಮಿಯ ಮೇಲಿನ ಪ್ರತಿಯೊಬ್ಬರೂ ಮುನ್ನೆಚ್ಚರಿಕೆ ವ್ಯವಸ್ಥೆಯ ರಕ್ಷಣೆಯಲ್ಲಿ ಇರಬೇಕು ಎಂಬ ಗುರಿಯನ್ನು ವಿಶ್ವಸಂಸ್ಥೆ 2022ರಲ್ಲಿ ಇಟ್ಟುಕೊಂಡಿತು. ಒಳ್ಳೆಯದೇ. ಆದರೆ ಉಪಗ್ರಹದಿಂದ ಊರ ಬಾಗಿಲಿಗೆ ಸುದ್ದಿ ತರುವುದು ಅವರ ಹೊಣೆಯಾದರೆ, ಊರ ಬಾಗಿಲಿನಿಂದ ಮಲಗಿದವರ ಹಾಸಿಗೆಗೆ ತಲುಪಿಸುವುದು ನಿಮ್ಮ ಹೊಣೆ.

ಬಾಂಗ್ಲಾದೇಶ ಇದನ್ನು ಬಹಳ ಕಷ್ಟಪಟ್ಟು ಕಲಿಯಿತು. 1970ರ ಭೋಲಾ ಚಂಡಮಾರುತದಲ್ಲಿ ಕನಿಷ್ಠ ಮೂರು ಲಕ್ಷ ಜನ ಸತ್ತರು. ಆಮೇಲೆ ಅಲ್ಲಿನ ಸರ್ಕಾರ ಮತ್ತು ರೆಡ್ ಕ್ರೆಸೆಂಟ್ ಸೇರಿ ಕಟ್ಟಿದ ಚಂಡಮಾರುತ ಸಿದ್ಧತಾ ಕಾರ್ಯಕ್ರಮದಲ್ಲಿ ಇಂದು 70 ಸಾವಿರಕ್ಕೂ ಹೆಚ್ಚು ಸ್ವಯಂಸೇವಕರಿದ್ದಾರೆ. ಮೆಗಾಫೋನ್ ಹಿಡಿದು, ಬಾವುಟ ಏರಿಸಿ, ಮನೆಮನೆಗೆ ಹೋಗಿ ಹೇಳುವುದು ಅವರ ಕೆಲಸ. ಒಡಿಶಾದಲ್ಲಿ 1999ರ ಮಹಾ ಚಂಡಮಾರುತ ಸುಮಾರು ಹತ್ತು ಸಾವಿರ ಜನರನ್ನು ಬಲಿ ಪಡೆದಿತ್ತು; 2013ರಲ್ಲಿ ಫೈಲಿನ್ ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಲಾಗಿತ್ತು, ಸಾವು ಐವತ್ತನ್ನು ಮುಟ್ಟಲಿಲ್ಲ.

ಯಂತ್ರವೇ ಇಲ್ಲದೆಯೂ ಎಚ್ಚರಿಕೆ ಉಳಿಯಬಲ್ಲದು. ಇಂಡೊನೇಷ್ಯಾದ ಸಿಮೆಲುವೆ ದ್ವೀಪದಲ್ಲಿ 1907ರ ಸುನಾಮಿಯ ನೆನಪು ‘ಸ್ಮೊಂಗ್’ ಎಂಬ ಒಂದು ಪದದಲ್ಲಿ ಉಳಿದಿತ್ತು. ನೆಲ ಜೋರಾಗಿ ನಡುಗಿ, ಕಡಲು ಹಿಂದೆ ಸರಿದರೆ ಗುಡ್ಡಕ್ಕೆ ಓಡಿ ಎಂದು ಅಜ್ಜಿಯರು ಹಾಡಿ ಹೇಳುತ್ತಿದ್ದರು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ, ಭೂಕಂಪದ ಕೇಂದ್ರಕ್ಕೆ ಅಷ್ಟು ಹತ್ತಿರವಿದ್ದೂ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರಿದ್ದ ಆ ದ್ವೀಪದಲ್ಲಿ ಸತ್ತವರು ಏಳೇ ಮಂದಿ.

ನಿಮ್ಮ ಊರಿನಲ್ಲಿ ಮಳೆ ಅಳೆಯಲು ತಳದಿಂದ ಬಾಯಿಯವರೆಗೆ ಒಂದೇ ಅಗಲವಿರುವ, ಚಪ್ಪಟೆ ತಳದ ಡಬ್ಬಿ ಸಾಕು. ಮರ, ಮಾಡುಗಳಿಂದ ದೂರ ಬಯಲಿನಲ್ಲಿ ಅಲುಗಾಡದಂತೆ ಇಡಿ. ದಿನವೂ ಒಂದೇ ಹೊತ್ತಿಗೆ ಸ್ಕೇಲು ಇಳಿಸಿ ನೋಡಿ: ಡಬ್ಬಿಯಲ್ಲಿ ನಿಂತ ನೀರಿನ ಆಳ ಎಷ್ಟು ಮಿಲಿಮೀಟರೋ ಬಿದ್ದ ಮಳೆಯೂ ಅಷ್ಟೇ. ಬರೆದುಕೊಂಡು ಚೆಲ್ಲಿ. ಜೋರು ಮಳೆಯಲ್ಲಿ ಗಂಟೆಗೊಮ್ಮೆ ಓದಿ. ಪಕ್ಕದ ಅಂಕಣದಲ್ಲಿ ಹಳ್ಳ ಎಲ್ಲಿಯವರೆಗೆ ಏರಿತು, ಎಷ್ಟು ಹೊತ್ತಿನ ಮೇಲೆ ಏರಿತು ಎಂದು ಬರೆಯಿರಿ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ‘ಇಷ್ಟು ಮಳೆಗೆ ಇಷ್ಟು ನೀರು’ ಎಂಬ ನಿಮ್ಮದೇ ಲೆಕ್ಕ ಕೈಯಲ್ಲಿರುತ್ತದೆ. ಇಡೀ ಜಿಲ್ಲೆಗೆ ಹೊರಡಿಸಿದ ಮುನ್ಸೂಚನೆಯಲ್ಲಿ ಈ ಲೆಕ್ಕ ಸಿಗುವುದಿಲ್ಲ.

ಸೇತುವೆಯ ಕಂಬಕ್ಕೆ ಕೆಳಗಿನಿಂದ ಹಸಿರು, ಹಳದಿ, ಕೆಂಪು ಪಟ್ಟಿ ಬಳಿಯಿರಿ. ಹೊಳೆಯ ಮೇಲಿನ ಊರಿನ ಇಬ್ಬರ ಫೋನ್ ಸಂಖ್ಯೆ ನಿಮ್ಮಲ್ಲಿರಲಿ, ನಿಮ್ಮದು ಕೆಳಗಿನ ಊರಿನವರಲ್ಲಿರಲಿ. ಹಳದಿಗೆ ಏರಿದರೆ ಏನು ಮಾಡಬೇಕು (ವೃದ್ಧರನ್ನು, ದನಗಳನ್ನು ಮೊದಲು ಸಾಗಿಸುವುದು), ಕೆಂಪಿಗೆ ಏರಿದರೆ ಏನು (ಎಲ್ಲರೂ ಹೊರಡುವುದು) ಎಂಬುದು ಮೊದಲೇ ನಿರ್ಧಾರವಾಗಿರಬೇಕು. ಆ ಹೊತ್ತಿನಲ್ಲಿ ಸಭೆ ಸೇರಲು ಸಮಯವಿರುವುದಿಲ್ಲ.

ಮೊಬೈಲ್ ಜಾಲ ಕೈಕೊಡುತ್ತದೆ ಎಂದೇ ತಿಳಿದು ಗಂಟೆಯೋ ಸೈರನ್ನೋ ಒಂದನ್ನು ಗೊತ್ತುಮಾಡಿ. ಅದನ್ನು ಬೇರಾವ ಕಾರಣಕ್ಕೂ ಬಾರಿಸಬಾರದು. ಸಂದೇಶ ಚಿಕ್ಕದಾಗಿರಲಿ: ‘ಹೊಳೆ ಕೆಂಪಿಗೆ ಏರಿದೆ. ಕೆಳಬೀದಿಯವರು ಈಗಲೇ ಶಾಲೆಗೆ ಬನ್ನಿ. ಮೇಲಿನ ರಸ್ತೆಯಲ್ಲೇ ಬನ್ನಿ.’ ‘ಜಾಗರೂಕರಾಗಿರಿ’ ಎಂಬ ಪ್ರಕಟಣೆಯಿಂದ ಯಾರೂ ಎದ್ದು ಹೊರಡುವುದಿಲ್ಲ.

ಕೆಲವು ಎಚ್ಚರಿಕೆಗಳು ಹುಸಿಯಾಗುತ್ತವೆ. ಮರುದಿನ ಬಾಗಿಲು ತಟ್ಟಿದವರೇ ಹೋಗಿ, ಏಕೆ ಎಚ್ಚರಿಸಿದೆವು, ನೀರು ಏಕೆ ಬರಲಿಲ್ಲ ಎಂದು ಹೇಳಿ ಬರಲಿ. ಮುಜುಗರಪಟ್ಟು ಸುಮ್ಮನಾದರೆ ಮುಂದಿನ ಸಲ ಬಾಗಿಲು ತೆರೆಯುವುದಿಲ್ಲ.

ಹೆಜ್ಜೆ 5: ಎಲ್ಲಿಗೆ ಹೋಗಬೇಕು, ಯಾವ ದಾರಿಯಲ್ಲಿ

ಆಶ್ರಯ ತಾಣ ಆರಿಸುವಾಗ ‘ಯಾವ ಅಪಾಯಕ್ಕೆ?’ ಎಂಬ ಪ್ರಶ್ನೆ ಬಿಟ್ಟುಹೋಗುತ್ತದೆ. ಚಂಡಮಾರುತಕ್ಕೆ ಗಟ್ಟಿ ಕಟ್ಟಡ ಬೇಕು, ಭೂಕಂಪಕ್ಕೆ ಬಯಲು, ಸುನಾಮಿಗೆ ಎತ್ತರ. ಒಂದೇ ಜಾಗ ಮೂರಕ್ಕೂ ಆಗುವುದು ಅಪರೂಪ.

2011ರ ಮಾರ್ಚ್ 11ರಂದು ಸುನಾಮಿ ಬಂದಾಗ ಜಪಾನಿನ ಕಮೈಶಿ ನಗರದ ಉನೊಸುಮಾಯಿ ಪ್ರದೇಶದಲ್ಲಿ ನಡೆದ ಎರಡು ಘಟನೆಗಳನ್ನು ಜತೆಗಿಟ್ಟು ನೋಡಬೇಕು. ಅಲ್ಲಿನ ಶಾಲೆಗಳು ಅಪಾಯ ನಕ್ಷೆಯ ಪ್ರಕಾರ ನೀರು ನುಗ್ಗುವ ವಲಯದ ಹೊರಗಿದ್ದವು. ಆದರೂ ಮಕ್ಕಳು ನಕ್ಷೆಯನ್ನು ನಂಬಿ ಕೂರಲಿಲ್ಲ. ದೊಡ್ಡವರು ಚಿಕ್ಕವರ ಕೈ ಹಿಡಿದು ಓಡಿದರು. ಗೊತ್ತುಮಾಡಿದ ಮೊದಲ ಜಾಗದಲ್ಲಿ ಹಿಂದಿನ ಗುಡ್ಡದ ಮಣ್ಣು ಉದುರುವುದನ್ನು ಕಂಡು ಇನ್ನೂ ಮೇಲಕ್ಕೆ ಹೋದರು. ಶಾಲೆಗಳು ಮುಳುಗಿದವು, ಮಕ್ಕಳು ಉಳಿದರು. ಅದೇ ಪ್ರದೇಶದಲ್ಲಿ ವಿಪತ್ತು ತಡೆ ಕೇಂದ್ರ ಎಂಬ ಹೆಸರಿನ ಕಟ್ಟಡವೊಂದಿತ್ತು. ಅದು ಸುನಾಮಿಗೆ ಗೊತ್ತುಮಾಡಿದ ತಾಣವಾಗಿರಲಿಲ್ಲ. ಆದರೆ ನಿಜವಾದ ತಾಣ ದೂರವಿದ್ದುದರಿಂದ ಅಭ್ಯಾಸಗಳನ್ನು ಅನುಕೂಲಕ್ಕೆಂದು ಅಲ್ಲಿ ನಡೆಸುತ್ತಿದ್ದರು. ಆ ದಿನ ಜನ ಅಭ್ಯಾಸದಂತೆ ಅಲ್ಲಿಗೇ ಓಡಿದರು. ನೂರಕ್ಕೂ ಹೆಚ್ಚು ಮಂದಿ ಆ ಕಟ್ಟಡದೊಳಗೇ ಸತ್ತರು.

ಹತ್ತಿರವಿದೆ, ನೆರಳಿದೆ, ಕುರ್ಚಿಗಳಿವೆ ಎಂದು ಅಭ್ಯಾಸದ ಜಾಗ ಬದಲಿಸಲು ಹೊರಟಾಗಲೆಲ್ಲ ಇದನ್ನು ನೆನಪಿಸಿಕೊಳ್ಳಿ.

ತಾಣಕ್ಕೆ ಎರಡು ದಾರಿಗಳಿರಲಿ, ಎರಡೂ ಒಂದೇ ಸೇತುವೆಯ ಮೇಲೆ ಹಾಯಬಾರದು. ಬೀಗದ ಕೈ ಕನಿಷ್ಠ ಮೂವರ ಬಳಿ ಇರಲಿ. ಬೆಳಕಿರುವ, ಒಳಗಿನಿಂದ ಚಿಲಕ ಹಾಕಬಹುದಾದ ಪ್ರತ್ಯೇಕ ಶೌಚಾಲಯ ಮಹಿಳೆಯರಿಗೆ ಇಲ್ಲದಿದ್ದರೆ ಆ ತಾಣ ಅರ್ಧ ಊರಿಗೆ ಮುಚ್ಚಿದಂತೆಯೇ.

ಹೆಜ್ಜೆ 6: ಅಭ್ಯಾಸ, ಅದೂ ರಾತ್ರಿ

ಅತಿಥಿಗಳು ವೇದಿಕೆಯಲ್ಲಿ ಕುಳಿತು ನೋಡುವ ಅಣಕು ಪ್ರದರ್ಶನ ಅಭ್ಯಾಸವಲ್ಲ. ಮೊದಲ ಸಲ ಹಗಲಿನಲ್ಲಿ ಮಾಡಿ, ಎರಡನೆಯದನ್ನು ಕತ್ತಲಾದ ಮೇಲೆ, ದೀಪ ಆರಿಸಿ ಮಾಡಿ. ಗಡಿಯಾರ ಹಿಡಿದವರೊಬ್ಬರು ಇರಲಿ: ಗಂಟೆ ಬಾರಿಸಿದ ಹೊತ್ತು, ಕೊನೆಯ ಬಾಗಿಲು ತಟ್ಟಿದ ಹೊತ್ತು, ಕೊನೆಯವರು ತಾಣ ಮುಟ್ಟಿದ ಹೊತ್ತು. ಹಾಸಿಗೆ ಹಿಡಿದವರ ತೂಕದ ಅಕ್ಕಿಮೂಟೆಯನ್ನೋ ಮರಳುಚೀಲವನ್ನೋ ಸ್ಟ್ರೆಚರ್ ಮೇಲೆ ಹೊತ್ತು ನೋಡಿ. ಯಾವ ತಿರುವಿನಲ್ಲಿ ಸ್ಟ್ರೆಚರ್ ಸಿಕ್ಕಿಕೊಳ್ಳುತ್ತದೆ ಎಂಬುದು ಆಗಲೇ ತಿಳಿಯುವುದು. ಎಲ್ಲವೂ ಸುಸೂತ್ರವಾಗಿ ನಡೆದ ಅಭ್ಯಾಸ ದಂಡ. ಎಡವಿದ್ದನ್ನು ಆ ರಾತ್ರಿಯೇ ಬರೆದುಕೊಳ್ಳಿ.

ಹೆಜ್ಜೆ 7: ಪೆಟ್ಟನ್ನು ತಗ್ಗಿಸುವ ಕೆಲಸಗಳು

ಇದುವರೆಗಿನದು ಜೀವ ಉಳಿಸುವ ಕೆಲಸ. ಮನೆಮಠ ಉಳಿಯಬೇಕಾದರೆ ನಿಧಾನದ, ಯಾರೂ ಫೋಟೊ ತೆಗೆಯದ ಕೆಲಸಗಳು ಬೇಕು. ಮಳೆಗೆ ಮುನ್ನ ಚರಂಡಿಯ ಹೂಳೆತ್ತುವುದು ಎಲ್ಲರಿಗೂ ಗೊತ್ತು. ಆದರೆ ಎತ್ತಿದ ಹೂಳನ್ನು ಚರಂಡಿಯ ಅಂಚಿನಲ್ಲೇ ರಾಶಿ ಹಾಕಿ ಬಿಟ್ಟರೆ ಮೊದಲ ಮಳೆಗೆ ಅದು ಮತ್ತೆ ಒಳಗೇ ಇಳಿಯುತ್ತದೆ. ಅದೇ ದಿನ ಸಾಗಿಸಿ.

ಗುಡ್ಡದ ಬುಡ ಕಡಿಯಬೇಡಿ. ಕಡಿದಾಗಿದ್ದರೆ ತಡೆಗೋಡೆಯಲ್ಲಿ ನೀರು ಹೊರಬರುವ ತೂತುಗಳಿವೆಯೇ, ಅವು ಮುಚ್ಚಿವೆಯೇ ನೋಡಿ. ಗೋಡೆಯನ್ನು ಹೆಚ್ಚಾಗಿ ಉರುಳಿಸುವುದು ಅದರ ಹಿಂದೆ ನಿಂತ ನೀರು. ಇಳಿಜಾರಿನ ಮೇಲುಗಡೆ ನೀರನ್ನು ಬೇರೆಡೆಗೆ ತಿರುಗಿಸುವ ಕಾಲುವೆ ತೋಡಿ. ಲಾವಂಚದ ಬೇರು ಎರಡು ಮೂರು ಮೀಟರ್ ಆಳಕ್ಕೆ ಇಳಿದು ಮೇಲ್ಮಣ್ಣನ್ನು ಹಿಡಿಯುತ್ತದೆ, ಆದರೆ ಆಳದಿಂದ ಜಾರುವ ಗುಡ್ಡವನ್ನು ಯಾವ ಹುಲ್ಲೂ ಹಿಡಿಯಲಾರದು. ಅಲ್ಲಿಂದ ಮನೆಗಳನ್ನೇ ಸರಿಸಬೇಕು. ಕೆರೆ, ಜೌಗು, ಕಾಂಡ್ಲಾ (ಮ್ಯಾಂಗ್ರೋವ್) ಕಾಡುಗಳನ್ನು ಮುಚ್ಚಿ ನಿವೇಶನ ಮಾಡಿದರೆ ಅಲ್ಲಿ ನಿಲ್ಲಬೇಕಿದ್ದ ನೀರು ಮನೆಗಳಿಗೆ ನುಗ್ಗುತ್ತದೆ.

ಕಂಪನದ ಪ್ರದೇಶದಲ್ಲಿ ಇಟ್ಟಿಗೆ, ಕಲ್ಲಿನ ಮನೆ ಕಟ್ಟುವಾಗ ಅಡಿಪಾಯದ ಮೇಲೆ, ಬಾಗಿಲು ಕಿಟಕಿಗಳ ತಲೆಯ ಮಟ್ಟದಲ್ಲಿ, ಚಾವಣಿಯ ಕೆಳಗೆ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್ ಪಟ್ಟಿ ಇಡೀ ಮನೆಯನ್ನು ಸುತ್ತಿ ಬರಲಿ. ಮೂಲೆಗೆ ಅಂಟಿಕೊಂಡಂತೆ ಕಿಟಕಿ ಇಡಬೇಡಿ. ಇದನ್ನು ಮಾಲೀಕರಿಗೆ ಹೇಳುವುದಕ್ಕಿಂತ ಮೇಸ್ತ್ರಿಗಳಿಗೆ ಕಲಿಸುವುದು ಹೆಚ್ಚು ಫಲ ಕೊಡುತ್ತದೆ. ಮಾಲೀಕ ಬದುಕಿನಲ್ಲಿ ಒಂದು ಮನೆ ಕಟ್ಟಿಸಿದರೆ ಮೇಸ್ತ್ರಿ ವರ್ಷಕ್ಕೆ ಹಲವನ್ನು ಕಟ್ಟುತ್ತಾನೆ. ಒಳಗೆ, ಎತ್ತರದ ಬೀರುಗಳನ್ನು ಗೋಡೆಗೆ ಬಿಗಿಯಿರಿ.

ಕಾಳ್ಗಿಚ್ಚಿನ ಪ್ರದೇಶದಲ್ಲಿ ಮನೆ ಸುಡುವುದು ಬಹಳ ಸಲ ಜ್ವಾಲೆಯಿಂದಲ್ಲ, ಗಾಳಿಯಲ್ಲಿ ಹಾರಿ ಬರುವ ಕಿಡಿಯಿಂದ. ಮಾಡಿನ ಅಂಚಿನ ನೀರು ಹರಿಯುವ ದೋಣಿಯಲ್ಲಿ ಒಣಗೆಲೆ ಉಳಿಸಬೇಡಿ, ಗೋಡೆಯ ಪಕ್ಕ ಸೌದೆ ಪೇರಿಸಬೇಡಿ.

ಹೆಜ್ಜೆ 8: ಮನೆಯ ಚೀಲ

ಇದರ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನು ಚುಟುಕಾಗಿ ಮುಗಿಸುತ್ತೇನೆ. ತಲೆಗೆ ದಿನಕ್ಕೆ ಮೂರು ನಾಲ್ಕು ಲೀಟರಿನಂತೆ ಮೂರು ದಿನದ ನೀರು ಮನೆಯಲ್ಲಿರಲಿ. ಚೀಲದಲ್ಲಿ ಒಂದು ವಾರದ ಔಷಧ ಮತ್ತು ವೈದ್ಯರ ಚೀಟಿ, ಬೇಯಿಸದೆ ತಿನ್ನಬಹುದಾದ ಆಹಾರ, ಟಾರ್ಚು, ಪವರ್ ಬ್ಯಾಂಕ್, ಸೀಟಿ, ಮುಟ್ಟಿನ ಬಟ್ಟೆ, ದಾಖಲೆಗಳ ಪ್ರತಿ, ಚಿಲ್ಲರೆ ಹಣ. ಮುಖ್ಯ ಫೋನ್ ಸಂಖ್ಯೆಗಳನ್ನು ಕಾಗದದಲ್ಲಿ ಬರೆದಿಡಿ.

ಹೆಜ್ಜೆ 9: ಆ ಹೊತ್ತಿನಲ್ಲಿ

ಹರಿಯುವ ನೀರಿಗೆ ಇಳಿಯಬೇಡಿ. ರಭಸದ ನೀರು 15 ಸೆಂಟಿಮೀಟರ್ ಇದ್ದರೂ ವಯಸ್ಕರನ್ನು ಕೆಡವಬಲ್ಲದು, 60 ಸೆಂಟಿಮೀಟರ್ ಇದ್ದರೆ ಹೆಚ್ಚಿನ ಕಾರುಗಳನ್ನು ತೇಲಿಸಿಕೊಂಡು ಹೋಗಬಲ್ಲದು. ನೀರು ಒಳಬರುವ ಮುನ್ನ ವಿದ್ಯುತ್ತಿನ ಮುಖ್ಯ ಸ್ವಿಚ್ ಮತ್ತು ಗ್ಯಾಸ್ ಆರಿಸಿ.

ನೆಲದಲ್ಲಿ ಹೊಸ ಬಿರುಕು, ವಾಲಿದ ಮರ ಕಂಬ, ಇದ್ದಕ್ಕಿದ್ದಂತೆ ಬಿಗಿಯಾದ ಬಾಗಿಲು, ಕೆಸರಾದ ಒರತೆ ಇವು ಗುಡ್ಡ ಜಾರುವ ಸೂಚನೆಗಳು. ಜೋರು ಮಳೆಯಲ್ಲೂ ಹಳ್ಳದ ನೀರು ದಿಢೀರನೆ ಇಳಿದರೆ ಮೇಲೆಲ್ಲೋ ಮಣ್ಣು ಅಡ್ಡಗಟ್ಟಿದೆ ಎಂದು ತಿಳಿಯಿರಿ. ನೋಡಲು ಹೋಗದೆ ಪಕ್ಕಕ್ಕೆ, ಎತ್ತರಕ್ಕೆ ಸರಿಯಿರಿ.

ಭೂಕಂಪದಲ್ಲಿ ಓಡಬೇಡಿ, ಬಗ್ಗಿ, ಗಟ್ಟಿ ಮೇಜಿನಡಿ ತಲೆ ಕುತ್ತಿಗೆ ಮುಚ್ಚಿಕೊಂಡು ಅದರ ಕಾಲು ಹಿಡಿದುಕೊಳ್ಳಿ. ಕಡಲ ತೀರದಲ್ಲಿದ್ದರೆ ನಡುಕ ನಿಂತ ಕೂಡಲೇ ಯಾರ ಸೂಚನೆಗೂ ಕಾಯದೆ ಎತ್ತರಕ್ಕೆ ಹೋಗಿ. ಗುಡುಗು ಕೇಳಿಸಿತೆಂದರೆ ಸಿಡಿಲು ನಿಮ್ಮನ್ನು ಮುಟ್ಟುವಷ್ಟು ಹತ್ತಿರದಲ್ಲಿದೆ. ಒಳಗೆ ಹೋಗಿ, ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಬರಬೇಡಿ. ಮರದಡಿ ನಿಲ್ಲಲೇಬೇಡಿ.

ಹೆಜ್ಜೆ 10: ಮರಳುವಾಗ

ತಾಣದಲ್ಲಿ ನೋಟ್‌ಬುಕ್ ಹಿಡಿದು ಹೆಸರು ಕೂಗಿ ಲೆಕ್ಕ ಹಾಕಿ. ಕಾಣದವರ ಹೆಸರನ್ನು ರಕ್ಷಣಾ ತಂಡಕ್ಕೆ ಕೊಡಿ. ‘ಮೂವರು ಕಾಣುತ್ತಿಲ್ಲ’ ಎನ್ನುವುದಕ್ಕಿಂತ ‘ಆ ಮನೆಯ ಹಿಂದಿನ ಕೋಣೆಯಲ್ಲಿ ಮಲಗುವ ಅಜ್ಜಿ ಕಾಣುತ್ತಿಲ್ಲ’ ಎಂದರೆ ಹುಡುಕಾಟ ಬೇಗ ಮುಗಿಯುತ್ತದೆ.

ಮನೆಗೆ ಮರಳುವವರು ಮೊದಲು ಹೊರಗಿನಿಂದ ಗೋಡೆ ನೋಡಲಿ, ನೆನೆದ ಸ್ವಿಚ್ ಮುಟ್ಟದಿರಲಿ, ಹಾವುಗಳಿಗಾಗಿ ಕೋಲು ಹಿಡಿದು ಒಳಹೋಗಲಿ. ಜನರೇಟರನ್ನು ಒಳಗಿಟ್ಟು ನಡೆಸಬೇಡಿ, ಅದರ ಹೊಗೆಯಲ್ಲಿರುವ ವಾಸನೆಯಿಲ್ಲದ ಅನಿಲ ಕೊಲ್ಲುತ್ತದೆ. ಕುಡಿಯುವ ನೀರು ಕನಿಷ್ಠ ಒಂದು ನಿಮಿಷ ಚೆನ್ನಾಗಿ ಕುದಿಯಲಿ. ಹಾನಿಯನ್ನು ಗುಡಿಸಿ ತೆಗೆಯುವ ಮೊದಲು ಫೋಟೊ ತೆಗೆದಿಡಿ, ಪರಿಹಾರಕ್ಕೆ ಬೇಕಾಗುತ್ತದೆ.

ಗೋಡೆಗಳಿಗೆ ಮತ್ತೆ ಬಣ್ಣ ಬಳಿಯುವ ಮುನ್ನ ಬೀದಿಗೊಂದು ಗೋಡೆಯಲ್ಲಿ ನೀರು ನಿಂತ ಮಟ್ಟಕ್ಕೆ ಅಳಿಸದ ಬಣ್ಣದಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ಮುಂದಿನ ಸಲ ಅಂಗಳದಲ್ಲಿ ಸೀಮೆಸುಣ್ಣ ಹಿಡಿದು ನಿಂತಾಗ ಮೆಟ್ಟಿಲೋ ಕಿಟಕಿಯೋ ಎಂದು ವಾದ ಮಾಡಬೇಕಾಗುವುದಿಲ್ಲ.